ಎರಡು ಕೊಡಗಳ ನಡುವೆ

ಮುಚ್ಚಳ ತೆಗೆದವರು ಯಾರು ಎಂಬ ಬಗ್ಗೆ ಆ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ತುಂಗಾಬಾಯಿ ತೆಗೆದಿದ್ದರು, ಅದನ್ನು ಅವರೇ ಹೇಳುತ್ತಿದ್ದರು. ಗೊಂದಲವೆಲ್ಲ ಅದರ ನಂತರದ ಸಂಗತಿಗಳದು.

ಖಡಕಿಯ ಬಜಾರದ ಹಿಂದಿನ ಓಣಿಯಲ್ಲಿ ಅವರ ಮನೆ. ನಳದ ನೀರು ನಸುಕಿನಲ್ಲಿ ಬಂದು, ಓಣಿಯವರೆಲ್ಲ ಏಳುವ ಹೊತ್ತಿಗೆ ನಿಂತು ಹೋಗುತ್ತಿತ್ತು. ಅದಕ್ಕಾಗಿ ಅಂಗಳದ ನೆಲದೊಳಗೆ ಎದೆಯಾಳದ ನೀರಿನ ಟಾಕಿ ಕಟ್ಟಿಸಿ, ಅದರ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿದ್ದರು. ಮನೆಯ ಯಜಮಾನ ಸ್ವಾಮಿರಾಯರು ಧಾರವಾಡದಿಂದ ಬಂದು, ಮದ್ದುಗುಂಡಿನ ಕಾರ್ಖಾನೆಯಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು. ಮಗ ಶ್ಯಾಮ ಪಿಂಪರಿಯ ಒಂದು ಕಂಪನಿಯಲ್ಲಿದ್ದ. ಸೊಸೆ ಇಂದೂ ಲೋಕಲ್ ರೈಲು ಹಿಡಿದು ಶಿವಾಜಿನಗರದ ಕಚೇರಿಗೆ ಹೋಗುತ್ತಿದ್ದಳು. ಅವಳು ತಿರುಗಿ ಬರುವ ತನಕ ಎರಡು ವರ್ಷದ ಅನುಜಾ ಅಜ್ಜಿಯ ಕೈಯಲ್ಲೇ. ಉಣ್ಣಿಸುವವರು, ಮಲಗಿಸುವವರು, ಎಡವಿ ಬಿದ್ದರೆ ನೆಲಕ್ಕೆ ಎರಡು ಹೊಡೆದು ಅಳು ನಿಲ್ಲಿಸುವವರು ತುಂಗಾಬಾಯಿ.

ಮಡಿಯ ಹೊತ್ತು ಮಾತ್ರ ಹಾಗಲ್ಲ. ಸ್ನಾನ ಮಾಡಿ ಮಡಿಸೀರೆ ಉಟ್ಟ ಮೇಲೆ, ಅಡಿಗೆ ನೈವೇದ್ಯ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅಡಿಗೆಯ ನೀರನ್ನೂ ಅವರೇ ತುಂಬಿಕೊಳ್ಳಬೇಕು. ತುಂಬುವಾಗ ಬೇರೆಯವರ ಕೈ ಟಾಕಿಗಾಗಲಿ ಮುಚ್ಚಳಕ್ಕಾಗಲಿ ತಗಲಿದರೆ ಆ ನೀರು ದೇವರಿಗೆ ನಡೆಯದು. ಆದ್ದರಿಂದ ಅವರು ಮುಚ್ಚಳ ಸರಿಸಿದರೆಂದರೆ ಮನೆಯವರೆಲ್ಲ ಗೋಡೆಯ ಗುಂಟ ಓಡಾಡುವುದು ರೂಢಿ. ಮಗು ಹತ್ತಿರ ಬಂದರೆ ತುಂಗಾಬಾಯಿ ಎರಡೂ ಕೈಗಳನ್ನು ಎದೆಗೆ ಮಡಿಚಿಕೊಂಡು ಹಿಂದೆ ಸರಿದು, "ಮುಟ್ಟಬ್ಯಾಡ ಪುಟ್ಟಿ, ಮಡಿ ಅದ" ಎನ್ನುವರು. ಅನು ನಗುತ್ತ ಅಲ್ಲೇ ನಿಲ್ಲುವಳು.

ತೊಂಬತ್ತೇಳರ ಶ್ರಾವಣದಲ್ಲಿ ಒಂದು ದ್ವಾದಶಿ. ಹಿಂದಿನ ದಿನದ ಏಕಾದಶಿಗೆ ತುಂಗಾಬಾಯಿ ನೀರೂ ಕುಡಿದಿರಲಿಲ್ಲ. ಅಂದು ದ್ವಾದಶಿ ಬೇಗ ಮುಗಿಯುತ್ತಿದ್ದುದರಿಂದ ಬೆಳಿಗ್ಗೆಯೇ ಅಡಿಗೆಯಾಗಿ ಉಪವಾಸ ಮುರಿಯುವ ಪಾರಣೆಯ ಎಲೆ ಹಾಕಬೇಕಿತ್ತು. ಅವರು ಮುಚ್ಚಳ ಸರಿಸಿ ಒಂದು ಕೊಡ ತುಂಬಿದರು. ಒಳಗೆ ಒಯ್ದು, ಬೇಳೆಗೆ ನೀರಿಟ್ಟು, ಒಲೆ ಸಣ್ಣ ಮಾಡಿ, ಎರಡನೆಯ ಕೊಡಕ್ಕೆ ಹೊರಗೆ ಬಂದರು. ಉಪವಾಸದ ತೋಳಿಗೆ ಆ ಭಾರದ ಮುಚ್ಚಳವನ್ನು ಪ್ರತಿಸಲ ಎಳೆದು ಹಾಕಿ ಮತ್ತೆ ತೆಗೆಯುವುದು ಆಗುತ್ತಿರಲಿಲ್ಲ. ಎರಡು ಕೊಡಗಳ ನಡುವೆ ಅದು ತೆರೆದೇ ಇರುತ್ತಿತ್ತು. ಎಷ್ಟೋ ವರ್ಷಗಳಿಂದ ಹಾಗೆಯೇ.

ಕೊಡ ಕಲ್ಲಿನ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅರ್ಧ ಹೆಣೆದ ಜಡೆಯನ್ನು ಹಿಡಿದುಕೊಂಡೇ ಇಂದೂ ಹೊರಗೆ ಓಡಿ ಬಂದಳು. ಅತ್ತೆ ಟಾಕಿಯ ಅಂಚಿನಲ್ಲಿ ನಿಂತಿದ್ದರು. ಎರಡೂ ಕೈ ಎದೆಗೆ ಮಡಿಚಿಕೊಂಡಿದ್ದರು. ನೀರಿನಲ್ಲಿ ಅನುವಿನ ಹಳದಿ ಅಂಗಿ ಉಬ್ಬಿಕೊಂಡು ತೇಲುತ್ತಿತ್ತು.

ಅಲ್ಲಿಂದ ಮುಂದೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಶ್ಯಾಮ ಗಡ್ಡಕ್ಕೆ ಸಾಬೂನಿನ ನೊರೆ ಮೆತ್ತಿಕೊಂಡೇ ಟಾಕಿಗೆ ಇಳಿದು ಮಗುವನ್ನು ಎತ್ತಿಕೊಟ್ಟ. ಸ್ವಾಮಿರಾಯರು ಅವಳ ಎರಡೂ ಕಾಲು ಹಿಡಿದು, ತಲೆ ಕೆಳಗೆ ಮಾಡಿ, ಗರಗರ ತಿರುಗಿಸತೊಡಗಿದರು.

"ಇನ್ನೂ ಜೋರ್ ತಿರುಗಸ್ರಿ ಅಪ್ಪಾ, ನೀರು ಬೀಳ್ತದ!" ಎಂದು ಶ್ಯಾಮ ಟಾಕಿಯೊಳಗಿನಿಂದಲೇ ಕೂಗಿದ.

ಪಕ್ಕದ ಮನೆಯ ಸಾವಂತ್ರವ್ವ ತನ್ನ ಗಂಡನ ಕಿರಾಣಿ ಅಂಗಡಿಯಿಂದ ಹರಳುಪ್ಪಿನ ಚೀಲ ಎಳೆದುಕೊಂಡು ಬಂದಳು. "ಉಪ್ಪಿನಾಗ ಹುಗೀರಿ ಕೂಸಿನ್ನ! ಉಪ್ಪು ನೀರು ಜಗ್ಗತೈತಿ! ನಮ್ಮೂರಾಗ ಹಿಂಗ ಮಾಡತಾರ್ರಿ!"

"ಹೊಟ್ಟಿ ಒತ್ತೋ ಶ್ಯಾಮಾ!" ಎಂದು ನೆರೆದವರಲ್ಲಿ ಯಾರೋ ಕೂಗಿದರು.

"ಮೊದಲ ರಿಕ್ಷಾ ತರ್ರಿ ಯಾರರ!" ಎಂದರು ಇನ್ನೊಬ್ಬರು.

"ಕೊಡ್ರಿ ಇಲ್ಲೆ!" ಎಂದು ಇಂದೂ ಮಾವನ ಕೈಯಿಂದ ಮಗುವನ್ನು ಕಸಿದುಕೊಂಡು ನೆಲದ ಮೇಲೆ ಮಲಗಿಸಿದಳು. ತುಟಿಗಳು ನೀಲಿಯಾಗಿದ್ದವು. ಬಾಯಿಗೆ ಬಾಯಿ ಹಚ್ಚಿ ಊದಿದಳು. ಹಿಂದೊಮ್ಮೆ ಕಚೇರಿಯಲ್ಲಿ ಯಾರೋ ಬಂದು ಗೊಂಬೆಯ ಮೇಲೆ ಇದನ್ನು ತೋರಿಸಿದ್ದರು. ಅಂದು ಅವಳು ಹಿಂದಿನ ಸಾಲಿನಲ್ಲಿ ಕುಳಿತು ಸ್ವೆಟರ್ ಹೆಣೆಯುತ್ತಿದ್ದಳು. ಮೂಗು ಹಿಡಿಯಬೇಕೋ ಬಿಡಬೇಕೋ ನೆನಪಿಗೆ ಬರಲಿಲ್ಲ. ಒಮ್ಮೆ ಹಿಡಿದು ಊದಿದಳು, ಒಮ್ಮೆ ಬಿಟ್ಟು ಊದಿದಳು. ಯಾರೋ ಅಂಗಾಲು ತಿಕ್ಕುತ್ತಿದ್ದರು. ಯಾರೋ ರಾಘವೇಂದ್ರಸ್ವಾಮಿಗೆ ಹರಕೆ ಹೊತ್ತರು. ಅಷ್ಟರಲ್ಲಿ ಅನು ಕೆಮ್ಮಿದಳು. ಕಾರಿಕೊಂಡಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅತ್ತಳು.

ಆಸ್ಪತ್ರೆಯಲ್ಲಿ, ನೀರಿನಿಂದ ತೆಗೆದ ಮೇಲೆ ಏನು ಮಾಡಿದಿರಿ ಎಂದು ಡಾಕ್ಟರಬಾಯಿ ಮರಾಠಿಯಲ್ಲಿ ಕೇಳಿದಾಗ ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಆಕೆ ಕೈಯೆತ್ತಿ ಸುಮ್ಮನಾಗಿಸಿದಳು. ತಿರುಗಿಸಬಾರದು, ಉಪ್ಪು ಬೇಡ, ಹೊಟ್ಟೆ ಒತ್ತಬಾರದು; ಅದರಲ್ಲಿ ಹೊತ್ತು ಹೋಗುತ್ತದೆ, ಕಾರಿದ್ದು ಉಸಿರಿನ ನಾಳಕ್ಕೂ ಇಳಿಯಬಹುದು ಎಂದಳು. ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಎದೆ ಏಳುವಷ್ಟು ಮಾತ್ರ ಊದಬೇಕು. ಆದರೂ ಮಿಸುಕದಿದ್ದರೆ ಎದೆಯ ನಡುವೆ ಒತ್ತಬೇಕು, ನಡುನಡುವೆ ಊದಬೇಕು. ಮಗು ಅತ್ತಿತೆಂದು ಮನೆಯಲ್ಲಿ ಇಟ್ಟುಕೊಳ್ಳದೆ ಇಲ್ಲಿಗೆ ತಂದದ್ದು ಒಂದೇ ನೀವು ಮಾಡಿದ ಪೂರಾ ಸರಿಯಾದ ಕೆಲಸ ಎಂದು ಹೇಳಿ, ಎದೆಯೊಳಗೆ ನೀರು ಉಳಿದಿದ್ದರೆ ಆಮೇಲೆ ಕಾಡುತ್ತದೆಂದು ರಾತ್ರಿ ಅಲ್ಲೇ ಇರಿಸಿಕೊಂಡಳು.

"ಹಂಗಾರ ಉಳಿದದ್ದು ಯಾತರಿಂದ?" ಎಂದು ಸ್ವಾಮಿರಾಯರು ಮಗನನ್ನು ಕೇಳಿದರು. ಶ್ಯಾಮ ಹೆಂಡತಿಯ ಮುಖ ನೋಡಿದ. ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಅನು ಎಂದಿನಂತೆ ಆಡಿದಳು. ಮನೆ ಎಂದಿನಂತೆ ಇರಲಿಲ್ಲ. ಇಂದೂ ರಜೆ ಹಾಕಿ ಮನೆಯಲ್ಲೇ ಕೂತಳು. ಮಗುವಿಗೆ ತಾನೇ ಉಣ್ಣಿಸಿದಳು, ತಾನೇ ನೀರು ಎರೆದಳು. ತುಂಗಾಬಾಯಿ ಅನ್ನ ಕಲಸಿ ತಂದರೆ, "ಇರಲಿ, ನಾ ಉಣಸ್ತೀನಿ" ಎಂದು ತಟ್ಟೆ ತೆಗೆದುಕೊಂಡಳು. ಎರಡು ಸಲ ಹಾಗಾದ ಮೇಲೆ ತುಂಗಾಬಾಯಿ ಕಲಸುವುದನ್ನು ಬಿಟ್ಟರು.

ಒಂದು ದಿನ ತುಂಗಾಬಾಯಿ ಜೋಳದ ಭಕ್ರಿ ಬಡಿದು ಬಡಿಸುವಾಗ ಸ್ವಾಮಿರಾಯರು ಮತ್ತೆ ಶುರುಮಾಡಿದರು. "ನಾ ತಿರುಗಿಸಿದಾಗ ಬುಳಕ್ಕನ ನೀರು ಬಿತ್ತು. ಕಣ್ಣಾರೆ ನೋಡೀನಿ."

"ಅದು ಹೊಟ್ಟ್ಯಾಗಿಂದು. ಡಾಕ್ಟರು ಹೇಳಲಿಲ್ಲೇನ್ರಿ?" ಎಂದಳು ಇಂದೂ.

"ಆ ಡಾಕ್ಟರು ನಮ್ಮ ಅಂಗಳದಾಗ ನಿಂತಿದ್ಲೇನು?"

"ಹೋಗ್ಲಿ ಬಿಡ್ರೆಪಾ, ಕೂಸು ಉಳೀತಲ್ಲ. ಪಲ್ಯಾ ಹಾಕವ್ವಾ," ಎಂದ ಶ್ಯಾಮ.

"ಉಳೀತು ಅಂತ ಬಿಟ್ರ, ಮುಂದಿನ ಸಲ ಏನ ಮಾಡವ್ರು ನೀವು? ಒಬ್ರು ತಿರುಗಸವ್ರು, ಒಬ್ರು ಉಪ್ಪು ತರವ್ರು, ಒಬ್ರು..." ಇಂದೂ ನಿಲ್ಲಿಸಿದಳು. ಆಮೇಲೆ ನಿಲ್ಲಿಸಲಿಲ್ಲ. "ಅತ್ಯಾ, ನೀವು ಯಾಕ ಹಂಗ ನಿಂತಿದ್ರಿ?"

ತುಂಗಾಬಾಯಿಯ ಸೌಟು ಪಲ್ಯದ ಬೋಗುಣಿಯಲ್ಲೇ ನಿಂತಿತು. "ಹೆಂಗ?"

"ಕೈ ಮಡಿಚಿಕೊಂಡು. ಮುಟ್ಟಬ್ಯಾಡ ಅನ್ನೋವಾಗ ನಿಲ್ತೀರಲ್ಲ, ಹಂಗ."

"ನಾ ಒದರಿದೆ."

"ಯಾರಿಗೂ ಕೇಳಿಲ್ಲ ಅದು. ಕೊಡದ ಸಪ್ಪಳ ಕೇಳೇದ."

"ಇಂದೂ, ಸಾಕು," ಎಂದ ಶ್ಯಾಮ.

"ನಿಮ್ಮವ್ವಗ ಒಂದು ಮಾತು ಕೇಳಬಾರದೇನು? ಮಡಿ ಹೋಗ್ತದ ಅಂತ ನಿಂತ್ರೋ, ಹೆದರಿ ನಿಂತ್ರೋ, ಅಷ್ಟ ಹೇಳ್ಲಿ. ನಾ ನಾಳೆ ಯಾರ ಕೈಯಾಗ ಕೊಟ್ಟು ಹೋಗ್ಲಿ ಇಕಿನ್ನ?"

ತುಂಗಾಬಾಯಿ ಎಲ್ಲರಿಗೂ ಎರಡನೆಯ ಸಲ ಪಲ್ಯ ಹಾಕಿದರು. ಯಾರೂ ಬೇಡ ಎನ್ನಲಿಲ್ಲ, ಉಣ್ಣಲೂ ಇಲ್ಲ.

ರಜೆ ತೀರಿತು. ಇಂದೂ ಮಗುವನ್ನು ಪಕ್ಕದ ಮನೆಯ ಸಾವಂತ್ರವ್ವನ ಬಳಿ ಬಿಟ್ಟು ಲೋಕಲ್ ಹಿಡಿದಳು. ಅತ್ತೆ ಬಾಗಿಲಲ್ಲೇ ಇದ್ದರು. ಅವರ ಮುಂದಿನಿಂದಲೇ ಎತ್ತಿಕೊಂಡು ಹೋದಳು. ಅಂದು ತುಂಗಾಬಾಯಿ ಬೆಳಗಿನಿಂದ ಮಧ್ಯಾಹ್ನದ ತನಕ ಒಂದೇ ಮೊರ ಅಕ್ಕಿ ಆರಿಸಿದರು. ಗೋಡೆಯಾಚೆ ಅನು ನಕ್ಕರೆ ಕತ್ತೆತ್ತುವರು.

"ಹೋಗಿ ನೋಡಿ ಬಾ," ಎಂದರು ಸ್ವಾಮಿರಾಯರು.

"ಯಾಕ್ರಿ? ನಂಬಿಕಿ ಇದ್ದಿದ್ರ ಇಲ್ಲೇ ಬಿಡ್ತಿದ್ಲು."

"ಸಾವಂತ್ರವ್ವ ಛೊಲೊ ಹೆಣಮಗಳು."

"ಛೊಲೋನs ಹೌದು. ಆಕಿ ಬಚ್ಚಲದಾಗ ಬಕೀಟು ಯಾವಾಗ್ಲೂ ತುಂಬೇ ಇರ್ತಾವ, ನೋಡೀರೇನು? ನಾ ಹೇಳಿದ್ರ ಹೊಟ್ಟಿಕಿಚ್ಚಿಗೆ ಹೇಳ್ದಂಗ ಆಗ್ತದ. ಸುಮ್ಮನಿದ್ದೀನಿ." ಸ್ವಲ್ಪ ಹೊತ್ತು ಅಕ್ಕಿ ಆರಿಸಿದರು. ಆಮೇಲೆ ಮೊರ ಬದಿಗಿಟ್ಟು ಎದ್ದು ಹೋಗಿ, ಪಕ್ಕದ ಬಚ್ಚಲಿನ ಬಕೀಟುಗಳನ್ನು ಒಂದೊಂದಾಗಿ ಚೆಲ್ಲಿ ಬಂದರು. ಹಿಡಿದಿಟ್ಟ ನೀರು ಹೋಯಿತೆಂದು ಸಾವಂತ್ರವ್ವ ಸಿಟ್ಟಾದಳು.

"ಬಕೀಟಿನಾಗ ಯಾರರ ಮುಳಗತಾರೇನ್ರಿ ಬಾಯಾರ? ಮೊಣಕಾಲುದ್ದ ನೀರು!"

"ಕೂಸಿನ ಮಾರಿ ಎಷ್ಟುದ್ದ ಅದ ಸಾವಂತ್ರವ್ವಾ?"

ಮರುದಿನ ಬಕೀಟುಗಳು ಮತ್ತೆ ತುಂಬಿದ್ದವು. ಅಂದು ಇಂದೂ ತಲೆನೋವೆಂದು ಕಚೇರಿಯಿಂದ ಬೇಗ ಬಂದಳು. ಸಾವಂತ್ರವ್ವ ಅಂಗಡಿಯಲ್ಲಿ ಗಿರಾಕಿಗೆ ಬೆಲ್ಲ ತೂಗುತ್ತಿದ್ದಳು. ಬಚ್ಚಲಲ್ಲಿ ಅನು ಬಕೀಟಿನ ಅಂಚು ಹಿಡಿದು, ತುದಿಗಾಲ ಮೇಲೆ ನಿಂತು, ತಲೆಯನ್ನು ಒಳಗೆ ಬಗ್ಗಿಸಿ ನೀರಿಗೆ "ಓ" ಎನ್ನುತ್ತಿದ್ದಳು. ಇಂದೂ ಅವಳನ್ನು ಎಳೆದು ಎದೆಗೆ ಒತ್ತಿಕೊಂಡು ಅಲ್ಲೇ ಹಸಿ ನೆಲದಲ್ಲಿ ಕೂತಳು.

"ಅಯ್ಯ ನಮ್ಮವ್ವಾ, ಈಗರs ನೋಡಿ ಹೋಗೀನಿ," ಎಂದು ಓಡಿ ಬಂದ ಸಾವಂತ್ರವ್ವ ಬಾಯಿಗೆ ಸೆರಗು ಹಿಡಿದಳು. "ನಿಮ್ಮತ್ತಿ ನಿನ್ನೆ ಎಲ್ಲಾ ಚೆಲ್ಲಿ ಹೋಗಿದ್ರು. ನಾನs ಬೈದೆ."

ಇವಳ ಮೇಲೆ ಸಿಟ್ಟಾಗಬೇಕೋ, ಅತ್ತೆಯ ಮೇಲಿನ ಸಿಟ್ಟು ಬಿಡಬೇಕೋ, ಮಗುವನ್ನು ಎರಡೂ ಮನೆಯಲ್ಲಿ ಬಿಡದೆ ನೌಕರಿಯನ್ನೇ ಬಿಡಬೇಕೋ ಇಂದೂಗೆ ತಿಳಿಯಲಿಲ್ಲ. ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು.

ಸಂಜೆ ಶ್ಯಾಮ ಟಾಕಿಗೆ ಕೀಲಿ ಹಾಕಿಸುವ ಮಾತು ತೆಗೆದ. ಚಹಾ ಕುಡಿಯುತ್ತ ಎಲ್ಲರೂ ಅಂಗಳದಲ್ಲೇ ಇದ್ದರು.

"ಕೀಲಿಕೈ ಯಾರ ಕಡೆ ಇರಬೇಕು?" ಎಂದರು ಸ್ವಾಮಿರಾಯರು.

"ಅವ್ವನ ಕಡೆ."

"ಮಡಿಯೊಳಗ ಕೀಲಿಕೈ ಎಲ್ಲಿ ಇಟ್ಕೋಬೇಕು ಆಕಿ? ಅದನ್ನೂ ತೊಳೀಬೇಕು. ಜಂಗು ಹಿಡೀತದ."

"ಮತ್ತ ಮುಚ್ಚಿಬಿಡೋಣು ಟಾಕಿ."

"ಕುಡಿಯೋದು ಏನು? ನಿನ್ನ ಕಂಪನಿ ನೀರು ತರ್ತೀಯೇನು?"

"ಅಪ್ಪಾ, ಅವತ್ತು ನೀವು ತುಳಸಿಗೆ ನೀರು ಹಾಕಿ ಒಳಗ ಹೋದ್ರಿ. ಎದುರs ಇತ್ತಲ್ಲ ಟಾಕಿ. ತೆರೆದದ್ದು ಕಾಣಲಿಲ್ಲೇನು?"

"ಕಂಡಿತ್ತು," ಎಂದರು ಸ್ವಾಮಿರಾಯರು. "ಯಾಕ ಕಾಣೂದಿಲ್ಲ? ಮುಟ್ಟಿದ್ರ ನಿಮ್ಮವ್ವನ ಪಾರಣಿ ನೀರು ಕೆಡ್ತಿತ್ತು. ಎಲ್ಲಾ ಚೆಲ್ಲಿ ಮತ್ತ ಸ್ನಾನಾ ಮಾಡ್ಬೇಕು ಆಕಿ, ಉಪವಾಸದಾಗ." ಬಸಿಯಲ್ಲಿ ಉಳಿದ ಚಹಾ ನೋಡಿದರು. "ನಿನಗ ಕಾಣಲಿಲ್ಲೇನು? ಕನ್ನಡಿ ಅಲ್ಲೇ ತೂಗಹಾಕಿದ್ದೆಲ್ಲ, ಗಡ್ಡಾ ಮಾಡ್ಕೊಳ್ಳಿಕ್ಕೆ."

ಶ್ಯಾಮ ಬಸಿ ಕೆಳಗಿಟ್ಟ. "ಕಂಡಿತ್ತು," ಎಂದ. "ಬ್ಲೇಡ್ ತರ್ಲಿಕ್ಕೆ ಒಳಗ ಹೋದೆ."

ಇಂದೂ ಮಗುವಿನ ಬಾಯಿ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ನಾನೂ ನೋಡಿದ್ದೆ," ಎಂದಳು. "ಟಾವೆಲ್ ಒಣಗಹಾಕ್ಲಿಕ್ಕೆ ಬಂದಾಗ. ಅತ್ಯಾ ಇನ್ನೊಂದು ಕೊಡಕ್ಕ ಬರ್ತಾರ ಅಂತ ಒಳಗ ಹೋದೆ. ಇಕಿ ಎದ್ದಾಳ ಅಂತ ನನಗ ಗೊತ್ತಿದ್ದಿಲ್ಲ."

ತುಂಗಾಬಾಯಿ ಹೊಸ್ತಿಲ ಒಳಗೆ ಕೂತು ಕೇಳುತ್ತಿದ್ದರು. "ಹಂಗಾರ ನೋಡದಾಕಿ ಅನು ಒಬ್ಬಾಕೀನ," ಎಂದರು.

ಆಮೇಲೆ ಯಾರೂ ಕೀಲಿಯ ಮಾತು ಆಡಲಿಲ್ಲ.

ಭಾನುವಾರ ಇಂದೂ ಒರಗುವ ಲೋಡುದಿಂಬನ್ನು ಮಧ್ಯದಲ್ಲಿ ಹಾಕಿ ಎಲ್ಲರನ್ನೂ ಕೂರಿಸಿದಳು. ಕಚೇರಿಯಲ್ಲಿ ಗೊಂಬೆ ತೋರಿಸಿದವರನ್ನೇ ಹುಡುಕಿ ಹೋಗಿ ಉಸಿರು ಊದುವುದನ್ನು ಮತ್ತೆ ಕಲಿತು ಬಂದಿದ್ದಳು. ಸಾವಂತ್ರವ್ವನೂ ಬಂದಳು. ಲೋಡಿಗೆ ಗದ್ದ ಯಾವುದು, ಎದೆ ಯಾವುದು ಎಂಬಲ್ಲೇ ವಾದ ಎದ್ದಿತು.

"ಮೊದಲು ಒದರಬೇಕು, ಮಂದಿ ಕೂಡಬೇಕು. ಒಬ್ರು ರಿಕ್ಷಾಕ್ಕ ಓಡಬೇಕು. ಉಳಿದವ್ರು ಇದು," ಎಂದು ಇಂದೂ ಲೋಡಿನ ಮೇಲೆ ಬಾಗಿದಳು.

"ನಾ ತಿರುಗಿಸಿದ್ರಲೆ..." ಎಂದರು ಸ್ವಾಮಿರಾಯರು.

"ಮಾವಾ!"

"ಇಲ್ಲವಾ, ರಿಕ್ಷಾ ತರ್ತೀನಿ ನಾನು. ಅಷ್ಟs ಕೊಡು ನನಗ."

ಸಾವಂತ್ರವ್ವ ಊದುವಾಗ ಲೋಡಿನ ಧೂಳು ಮೂಗಿಗೆ ಹೋಗಿ ಸೀನಿದಳು. ಶ್ಯಾಮ ನಕ್ಕ. ಅನು ಲೋಡಿನ ಪಕ್ಕದಲ್ಲಿ ತಾನೂ ಅಂಗಾತ ಮಲಗಿ ಬಾಯಿ ತೆರೆದಳು. ಅದನ್ನು ನೋಡಿ ಯಾರಿಗೂ ನಗು ಉಳಿಯಲಿಲ್ಲ.

ತುಂಗಾಬಾಯಿಯ ಸರದಿ ಬಂತು. ಅವರು ಮುಂದೆ ಬಂದು ಕೂತರು. "ಬಾಯಿಗೆ ಬಾಯಿ ಹಚ್ಚೂದು ಅಂದ್ರ ಎಂಜಲಲ್ಲೇನು?" ಎಂದು ಕೇಳಿದರು. ಇಂದೂಳ ಮುಖ ಬಿಗಿಯಿತು. "ಬ್ಯಾಡಂತ ಕೇಳ್ಲಿಕತ್ತಿಲ್ಲ," ಎಂದರು ತುಂಗಾಬಾಯಿ. "ಮಡಿಯೊಳಗಿದ್ದಾಗ ಆದ್ರ, ಆಮ್ಯಾಲ ಏನು ಮಾಡ್ಬೇಕು, ಅಡಿಗಿ ಯಾರು ಮಾಡ್ಬೇಕು ಅಂತ ಕೇಳ್ದೆ. ಮೊದಲs ಗೊತ್ತಿದ್ರ ಆವಾಗ ವಿಚಾರ ಮಾಡೂದು ಇರೂದಿಲ್ಲ." ಬಾಗಿ, ಗದ್ದ ಎತ್ತಿ, ಊದಿದರು. ಎಲ್ಲರಿಗಿಂತ ಸರಿಯಾಗಿ ಊದಿದರೋ ತಪ್ಪಾಗಿ ಊದಿದರೋ, ಲೋಡಿನಿಂದ ತಿಳಿಯುವಂತಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತರು.

"ಯಾಕ ನಿಂತಿದ್ದೆ ಅಂತ ಕೇಳಿದ್ದೆಲ್ಲ," ಎಂದರು ತುಂಗಾಬಾಯಿ. "ಗೊತ್ತಿಲ್ಲ ಇಂದೂ. ಹಳದಿ ಅಂಗಿ ಕಾಣ್ತು. ಕೈ ಎಲ್ಲಿದ್ವು ನನಗ ನೆನಪಿಲ್ಲ. ಹೆದರಿ ನಿಂತೆ ಅಂತ ಹೇಳಿಬಿಟ್ರ ನಿನಗ ಸಮಾಧಾನ ಆಗ್ತದ. ಆದ್ರ ಮಡಿ ಹಿಡದs ನಿಂತೆನೋ ಏನೋ, ಇಷ್ಟು ವರ್ಷದ ರೂಢಿ. ಯಾವುದು ಖರೇ ಅಂತ ನನಗs ಹೇಳ್ಲಿಕ್ಕೆ ಬರವಲ್ದು."

ಇಂದೂ ಸೊಪ್ಪು ಬಿಡಿಸಿದಳು. ಕಡ್ಡಿಯನ್ನು ಬುಟ್ಟಿಗೆ ಹಾಕಿ ಎಲೆಯನ್ನು ಕಸಕ್ಕೆ ಹಾಕಿದ್ದು ಅವಳಿಗೆ ತಡವಾಗಿ ಗೊತ್ತಾಯಿತು. ತುಂಗಾಬಾಯಿ ಏನೂ ಅನ್ನದೆ ಎಲೆಗಳನ್ನು ಆರಿಸಿ ತೆಗೆದರು.

ಮತ್ತೆ ದ್ವಾದಶಿ ಬಂತು. ಇಂದೂ ಕಚೇರಿಗೆ ಸಿದ್ಧಳಾಗಿ ಚಪ್ಪಲಿ ಮೆಟ್ಟಿ, ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪಕ್ಕದ ಮನೆಗೆ ಬಿಡಬೇಕೋ, ಇಲ್ಲೇ ಬಿಡಬೇಕೋ ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಅಂಗಳದಲ್ಲಿ ತುಂಗಾಬಾಯಿ ಮುಚ್ಚಳ ಸರಿಸಿ ಮೊದಲ ಕೊಡ ತುಂಬುತ್ತಿದ್ದರು.

"ಅಜ್ಜೀ!" ಎಂದು ಅನು ಕೈ ಕೊಸರಿಕೊಂಡು ಓಡಿದಳು.

ಇಂದೂ ಒಂದು ಹೆಜ್ಜೆ ಇಟ್ಟಳು. ತುಂಗಾಬಾಯಿ ತಿರುಗಿದರು. ಅವರ ಎರಡೂ ಕೈ ಎದೆಯ ಕಡೆಗೆ ಏಳತೊಡಗಿದವು. ಇಂದೂ ಅದನ್ನು ನೋಡಿದಳು. ಅರ್ಧಕ್ಕೆ ಬಂದ ಕೈಗಳು ಅಲ್ಲಿಂದ ಕೆಳಗೆ ಇಳಿದು, ಮಗುವಿನ ಕಂಕುಳಿಗೆ ಸಿಕ್ಕಿ, ಅವಳನ್ನು ಎತ್ತಿ ಒದ್ದೆ ಮಡಿಸೀರೆಗೆ ಒತ್ತಿಕೊಂಡವು.

"ಮುಚ್ಚಳಾ ಹಾಕ್ರಿ ಯಾರರ!" ಎಂದು ತುಂಗಾಬಾಯಿ ಕೂಗಿದರು. ಈ ಸಲ ಓಣಿಗೆಲ್ಲ ಕೇಳಿಸಿತು.

ಶ್ಯಾಮ ಬಂದು ಮುಚ್ಚಳ ಎಳೆದ. ಕೊಡದ ನೀರು ಗಿಡಕ್ಕೆ ಹೋಯಿತು. ತುಂಗಾಬಾಯಿ ಮಗುವನ್ನು ಸೊಸೆಯ ಕೈಗೆ ಕೊಟ್ಟು ಮತ್ತೆ ಸ್ನಾನಕ್ಕೆ ನಡೆದರು. ಬೇರೆ ಮಡಿಸೀರೆ ಉಟ್ಟು ಹೊರಬಂದರು. ಇಷ್ಟು ದಿನ ಸಿಗದ ಆಟ ಸಿಕ್ಕಿತೆಂದು ಅನು ಮತ್ತೆ ನುಗ್ಗಿ ಅವರ ಕಾಲು ತಬ್ಬಿಕೊಂಡಳು.

"ದ್ವಾದಶಿ ಹೋಗ್ಲಿಕತ್ತದ!" ಸ್ವಾಮಿರಾಯರು ದೇವರಮನೆಯಿಂದ ಕೂಗಿದರು. "ಏನಿದು, ದಿನಾ ಹಿಂಗs ಆದ್ರ ಊಟಾ ಮಾಡೂದು ಯಾವಾಗ?"

"ಒಂದು ತುಳಸಿನೀರು ತೊಗೊಂಡು ಪಾರಣಿ ಮಾಡ್ರಿ," ಎಂದರು ತುಂಗಾಬಾಯಿ. "ಅನ್ನ ಆದಾಗ ಆಗ್ತದ." ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು. ಆಮೇಲೆ ಸೊಸೆಯ ಕಡೆ ನೋಡದೆ ಕೇಳಿದರು. "ನಿನ್ನ ಗಾಡಿ ಹೋತೇನು?"

ಇಂದೂಗೆ ಗಡಿಯಾರ ನೋಡುವುದು ಮರೆತಿತ್ತು. ಪಕ್ಕದ ಮನೆಯ ಬಾಗಿಲು ನೋಡಿದಳು. ಅತ್ತೆಯ ಸೊಂಟದ ಮೇಲಿನ ಮಗುವನ್ನು ನೋಡಿದಳು. ಆ ಮೊದಲ ದ್ವಾದಶಿಯಂದು ಆ ಕೈಗಳು ಯಾಕೆ ಇಳಿದಿರಲಿಲ್ಲ ಎಂಬುದು ಅವಳಿಗೆ ಇವತ್ತೂ ತಿಳಿಯಲಿಲ್ಲ.

"ಇನ್ನೊಂದು ಇರ್ತದ," ಎಂದು ಚೀಲ ಹೆಗಲಿಗೇರಿಸಿಕೊಂಡಳು. "ಅತ್ಯಾ, ಇಕಿಗೆ ಮಜ್ಜಿಗಿ ಅನ್ನ ಸಾಕು. ಮಧ್ಯಾಹ್ನ ಮಲಗದಿದ್ರ ಬಡೀಬ್ಯಾಡ್ರಿ."

"ನಾ ಯಾವಾಗ ಬಡದೀನಿ?"

ಇಂದೂ ಅಂಗಳ ದಾಟಿದಳು. ಗೋಡೆಯ ಗುಂಟ ಹೋಗಲಿಲ್ಲ. ನಡುವಿನಿಂದ ಹೋಗಿ, ಮುಚ್ಚಳದ ಮೇಲೆ ನಿಂತು, ಒಮ್ಮೆ ಕಾಲಿನಿಂದ ಗಟ್ಟಿಯಾಗಿ ಒತ್ತಿ ನೋಡಿ, ನಿಲ್ದಾಣದ ಕಡೆಗೆ ನಡೆದಳು.